ಹಳೆ ಮನೆಯ ಸ್ಯಾನಿಟರಿ ಲೈನ್ ಬ್ಲಾಕ್ ಆದಾಗ: ಚೇಂಬರ್ ಹುಡುಕುವುದರಿಂದ ಪೈಪ್ ಬದಲಿಸುವವರೆಗೆ

ಕಕ್ಕಸಿನ ನೀರು ಇಳಿಯುತ್ತಿಲ್ಲ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ ಅಂಗಡಿಗೆ ಓಡಿ ಆಸಿಡ್ ತರುವುದು. ದಯವಿಟ್ಟು ಅದನ್ನು ಮಾಡಬೇಡಿ. ಬ್ಲಾಕ್ ಕೂತಿರುವುದು ಹಿತ್ತಲಲ್ಲೆಲ್ಲೋ, ಮೂವತ್ತು ಅಡಿ ಆಚೆ. ನೀವು ಸುರಿದ ಆಸಿಡ್ ಅಲ್ಲಿಯವರೆಗೆ ಹೋಗುವುದೇ ಇಲ್ಲ, ನಿಂತ ನೀರಿನಲ್ಲಿ ಬೆರೆತು ಅಲ್ಲೇ ಇರುತ್ತದೆ, ಆಮೇಲೆ ದಬ್ಬೆ (ಸೀಳಿದ ಬಿದಿರು) ಹಾಕಲು ಬಗ್ಗಿದವರ ಕಣ್ಣಿಗೆ ಚಿಮ್ಮುತ್ತದೆ. ಹಳೆ ಮನೆಯ ಲೈನ್ ಬಿಡಿಸುವುದರಲ್ಲಿ ಮುಕ್ಕಾಲು ಪಾಲು ಕೆಲಸ ಬ್ಲಾಕ್ ಎಲ್ಲಿದೆ ಅಂತ ಪತ್ತೆ ಮಾಡುವುದೇ. ಜಾಗ ಗೊತ್ತಾದರೆ ಬಿಡಿಸುವುದು ಅಷ್ಟೇನೂ ಕಷ್ಟವಲ್ಲ, ಅಥವಾ ಇದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತಾದರೂ ಬೇಗ ಗೊತ್ತಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಕಡೆಯ, ಅಥವಾ ಮೈಸೂರಿನ ಹಳೆ ಬೀದಿಗಳ ಮನೆಗಳಿಗೆ ಹೊಂದುವ ಮಾತು. ಅಂದರೆ ಯುಜಿಡಿ (ನೆಲದಡಿಯ ಒಳಚರಂಡಿ) ಸಂಪರ್ಕ ಇರುವ, ನಲವತ್ತು ಐವತ್ತು ವರ್ಷದ ಹಿಂದೆ ಲೈನ್ ಹಾಕಿದ ಮನೆಗಳು. ನಿಮ್ಮದು ಪಿಟ್ ಇರುವ ಮನೆಯಾದರೆ ಮೊದಲು ಪಿಟ್ ತುಂಬಿದೆಯಾ ನೋಡಿಸಿ. ಪಿಟ್ ತುಂಬಿದ್ದರೆ ಎಷ್ಟು ದಬ್ಬೆ ಹಾಕಿದರೂ ಉಪಯೋಗವಿಲ್ಲ, ಸಕ್ಕಿಂಗ್ ಗಾಡಿಯೇ ಬರಬೇಕು.

ಹಳೆ ಲೈನ್ ಯಾಕೆ ಬೇಗ ಕಟ್ಟಿಕೊಳ್ಳುತ್ತದೆ

ಆಗ ಹಾಕುತ್ತಿದ್ದದ್ದು ಸ್ಟೋನ್‌ವೇರ್ ಪೈಪ್. ಸುಟ್ಟ ಮಣ್ಣಿನದು, ಕಂದು ಬಣ್ಣ, ಒಳಗೆ ಹೊರಗೆ ನುಣುಪು. ಪೈಪ್ ಮಾತ್ರ ಗಟ್ಟಿ, ನೂರು ವರ್ಷ ಬಾಳುತ್ತದೆ. ತೊಂದರೆ ಇರುವುದು ಜಾಯಿಂಟ್‌ಗಳಲ್ಲಿ. ಒಂದೊಂದು ಪೈಪ್ ಎರಡು ಮೂರು ಅಡಿ ಉದ್ದ ಅಷ್ಟೇ. ಹಾಗಾಗಿ ಹಿತ್ತಲಿಂದ ರಸ್ತೆವರೆಗೆ ಹತ್ತಾರು ಜಾಯಿಂಟ್ ಬರುತ್ತದೆ, ಪ್ರತಿಯೊಂದಕ್ಕೂ ಸೆಣಬಿನ ಹುರಿ ತುರುಕಿ ಮೇಲೆ ಸಿಮೆಂಟ್ ಗಾರೆ ಮೆತ್ತಿರುತ್ತಾರೆ. ಕಾಲ ಕಳೆದಂತೆ ನೆಲ ಸ್ವಲ್ಪ ಕುಸಿಯುತ್ತದೆ, ಗಾರೆ ಬಿರುಕು ಬಿಡುತ್ತದೆ, ಅಲ್ಲಿಂದ ತೇವ ಸೋರುತ್ತದೆ, ಆ ತೇವ ಹುಡುಕಿಕೊಂಡು ಬೇರು ಬರುತ್ತದೆ. ತೆಂಗಿನ ಮರದ ಬೇರು ದಪ್ಪ ಇರುವುದಿಲ್ಲ ಅಂತ ಜನ ಧೈರ್ಯವಾಗಿರುತ್ತಾರೆ, ಆದರೆ ಪೈಪಿನೊಳಗೆ ಹೋಗಿ ಪೊರಕೆ ಥರ ಹರಡಿಕೊಳ್ಳುವುದು ಅಂಥ ಸಣ್ಣ ಬೇರುಗಳೇ. ಅರಳಿ, ಆಲ, ಅತ್ತಿ ಬಗ್ಗೆ ಹೇಳುವುದೇ ಬೇಡ.

ಆಸಿಡ್ ಬೇಡ ಅನ್ನಲು ಇನ್ನೊಂದು ಕಾರಣವೂ ಇದೇ. ಪೈಪಿಗೆ ಅದು ಏನೂ ಮಾಡಲ್ಲ, ಬೇರಿಗೂ ಹೆಚ್ಚೇನೂ ಮಾಡಲ್ಲ. ಜಾಯಿಂಟಿನ ಗಾರೆಯನ್ನು ಮಾತ್ರ ತಿನ್ನುತ್ತದೆ. ಅಂದರೆ ದುಡ್ಡು ಕೊಟ್ಟು ಬೇರಿಗೆ ದಾರಿ ಮಾಡಿಕೊಟ್ಟಂತಾಯಿತು.

ಇದರ ಮೇಲೆ ನಮ್ಮ ಅಡುಗೆಮನೆಯ ಕೊಡುಗೆ. ಪಾತ್ರೆ ತಿಕ್ಕಿದ ತೆಂಗಿನ ನಾರು, ಸಬೀನ ಪುಡಿ, ಒಗ್ಗರಣೆಯ ಎಣ್ಣೆ, ಮುದ್ದೆ ಮಾಡಿದ ಪಾತ್ರೆಗೆ ಅಂಟಿದ ಹಿಟ್ಟು, ಕಾಫಿ ಚರಟ. ಎಣ್ಣೆ ತಣ್ಣಗಾಗಿ ಪೈಪಿನ ಗೋಡೆಗೆ ಹತ್ತಿಕೊಳ್ಳುತ್ತದೆ, ಅದಕ್ಕೆ ಪುಡಿ, ನಾರು ಮೆತ್ತಿಕೊಂಡು ನಾಲ್ಕಿಂಚಿನ ಪೈಪ್ ಎರಡಿಂಚಾಗುತ್ತದೆ. ಬಚ್ಚಲಿನಿಂದ ಕೂದಲು, ಶಾಂಪೂ ಸ್ಯಾಚೆಟ್. ಕಕ್ಕಸಿನಿಂದ ಪ್ಯಾಡ್, ವೆಟ್ ವೈಪ್ಸ್.

ಮೊದಲು ನೀರು ನಿಲ್ಲಿಸಿ

ಯಾರೂ ಸ್ನಾನ ಮಾಡಬಾರದು, ಫ್ಲಶ್ ಮಾಡಬಾರದು, ವಾಷಿಂಗ್ ಮಷೀನ್ ಹಾಕಬಾರದು. ಮಹಡಿಯ ಬಾಡಿಗೆದಾರರಿಗೂ ಹೇಳಿ, ಅವರು ಒಂದು ಬಕೆಟ್ ಸುರಿದರೆ ಅದು ನಿಮ್ಮ ಕೆಳಗಿನ ಬಚ್ಚಲಿನಲ್ಲೇ ಉಕ್ಕುವುದು. ಬಾಯಿಮಾತು ಸಾಲದು ಅನಿಸಿದರೆ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಕಟ್ಟಿಬಿಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಗಳಲ್ಲಿ ಇನ್ನೊಂದು ಗಮನಿಸಬೇಕು: ಗೋಡೆ ಎಬ್ಬಿಸಿ ಮನೆ ಎರಡಾಗಿರುತ್ತದೆ, ಅಡುಗೆಮನೆ ಎರಡಾಗಿರುತ್ತದೆ, ಕೆಳಗಿನ ಲೈನ್ ಮಾತ್ರ ಒಂದೇ ಇರುತ್ತದೆ. ಪಕ್ಕದ ಪಾಲಿನವರಿಗೂ ಹೇಳದಿದ್ದರೆ ಕೆಲಸ ಆಗಲ್ಲ.

ಲಕ್ಷಣ ನೋಡಿ

ಒಂದೇ ಸಿಂಕ್ ಅಥವಾ ಒಂದೇ ಬಚ್ಚಲು ನಿಂತಿದ್ದರೆ ಅದು ಮೇನ್ ಲೈನ್ ಅಲ್ಲ. ಆ ಜಾಗದ ಟ್ರ್ಯಾಪ್‌ನಲ್ಲೋ (ವಾಸನೆ ತಡೆಯಲು ನೀರು ನಿಲ್ಲುವ ಬಾಗು), ಅಲ್ಲಿಂದ ಹೊರಡುವ ಸಣ್ಣ ಪೈಪಿನಲ್ಲೋ ಏನೋ ಸಿಕ್ಕಿಕೊಂಡಿದೆ. ಬಚ್ಚಲಿನ ಜಾಲರಿ ಎತ್ತಿ, ಗ್ಲೌಸ್ ಹಾಕಿಕೊಂಡು ನಹಾನಿ ಟ್ರ್ಯಾಪ್‌ನಲ್ಲಿರುವ ಕೂದಲು ತೆಗೆಯಿರಿ, ಅರ್ಧಕ್ಕರ್ಧ ಸಲ ಅಲ್ಲಿಗೇ ಮುಗಿಯುತ್ತದೆ. ಸಿಂಕ್ ಆದರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆಯಿರಿ. ಜಿಡ್ಡು ಕಟ್ಟಿದ್ದರೆ ಬಿಸಿನೀರು, ಸ್ವಲ್ಪ ಪಾತ್ರೆ ಸೋಪು. ಕುದಿಯುವ ನೀರು ಬೇಡ, ಪಿವಿಸಿ ಮೆತ್ತಗಾಗುತ್ತದೆ, ಕಮೋಡಿಗೆ ಹಾಕಿದರೆ ಪಿಂಗಾಣಿ ಸೀಳುತ್ತದೆ. ಸೋಡಾ ಪುಡಿ, ವಿನೆಗರ್ ಹಾಕಿ ನೊರೆ ಬರಿಸುವ ವಿಡಿಯೋಗಳಿವೆಯಲ್ಲ, ನೋಡಲು ಚೆನ್ನಾಗಿರುತ್ತದೆ ಅಷ್ಟೇ.

ಎರಡು ಮೂರು ಕಡೆ ಒಟ್ಟಿಗೆ ನಿಂತಿದ್ದರೆ, ಮೇಲೆ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲಿನಲ್ಲಿ ನೀರು ಏರಿದರೆ, ಹೊರಗೆ ಬಚ್ಚಲು, ಸಿಂಕಿನ ನೀರು ಬಂದು ಬೀಳುವ ಗಲ್ಲಿ ಟ್ರ್ಯಾಪ್ ಉಕ್ಕಿದರೆ ಅದು ಮೇನ್ ಲೈನೇ. ನೀರು ಇಳಿಯುತ್ತದೆ ಆದರೆ ಗುಳುಗುಳು ಸದ್ದು ಮಾಡುತ್ತಾ ಇಳಿಯುತ್ತದೆ ಅನ್ನುವಾಗ ಗಾಳಿ ಪೈಪನ್ನೂ ಒಮ್ಮೆ ನೋಡಿ. ಗೋಡೆಗುಂಟ ತಾರಸಿ ದಾಟಿ ಮೇಲೆ ಹೋಗಿರುತ್ತದಲ್ಲ, ಅದರ ಬಾಯಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ಇಲ್ಲವೇ ಮಹಡಿ ಎಬ್ಬಿಸಿದವರು ಅದನ್ನು ಮುಚ್ಚಿಯೇ ಬಿಟ್ಟಿರಬಹುದು.

ಚೇಂಬರ್ ಹುಡುಕುವುದು

ಹಳೆ ಮನೆಗೆ ನಕ್ಷೆ ಇರುವುದಿಲ್ಲ, ಇದ್ದರೂ ಅದರಲ್ಲಿರುವುದು ಒಂದು, ನೆಲದಡಿ ಇರುವುದು ಇನ್ನೊಂದು. ಲೈನ್ ತಿರುಗುವ ಜಾಗದಲ್ಲಿ, ಎರಡು ಲೈನ್ ಸೇರುವ ಜಾಗದಲ್ಲಿ ಚೇಂಬರ್, ಅಂದರೆ ಲೈನ್ ನೋಡಲು, ಬಿಡಿಸಲು ಮಾಡಿದ ಮುಚ್ಚಳದ ಗುಂಡಿ, ಇರಲೇಬೇಕು ಅನ್ನುವುದು ಲೆಕ್ಕ. ಕಕ್ಕಸಿನ ಹಿಂದಿನ ಗೋಡೆಯಿಂದ ಹೊರಟು ಕಾಂಪೌಂಡ್ ಕಡೆ ನಡೆಯಿರಿ. ಕಡಪ ಕಲ್ಲು, ಕಬ್ಬಿಣದ ಮುಚ್ಚಳ, ಕಾಂಕ್ರೀಟ್ ಚಪ್ಪಡಿ ಕಂಡರೆ ಅದೇ. ಯಾರೋ ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರೆ ಹಾರೆಯ ಹಿಂಬದಿಯಿಂದ ನೆಲ ತಟ್ಟುತ್ತಾ ಬನ್ನಿ, ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ.

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಲೈನ್ ಮುಂದಿನ ರಸ್ತೆಗೇ ಹೋಗಿರುತ್ತದೆ ಅಂದುಕೊಳ್ಳಬೇಡಿ. ಮನೆಗಳ ಹಿಂದೆ ಇಕ್ಕಟ್ಟಾದ ಕನ್ಸರ್ವೆನ್ಸಿ ಗಲ್ಲಿ ಇರುತ್ತದಲ್ಲ, ಮಲ ಹೊರುವವರು ಓಡಾಡಲಿ ಅಂತಲೇ ಮಾಡಿದ್ದು ಅದು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಲ್ಲಿಸಿದರು, ಗಲ್ಲಿಗಳು ಮಾತ್ರ ಉಳಿದವು. ಎಷ್ಟೋ ಮನೆಗಳ ಲೈನ್ ಇವತ್ತಿಗೂ ಆ ಕಡೆಗೇ ಹೋಗುತ್ತದೆ.

ಯಾವ ಕಕ್ಕಸು ಯಾವ ಚೇಂಬರಿಗೆ ಸೇರುತ್ತದೆ ಅಂತ ಅನುಮಾನವಿದ್ದರೆ, ಲೈನ್ ಸರಿಯಾದ ಮೇಲೆ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಸುರಿಯಿರಿ. ನೀಲಿ ಎಲ್ಲಿ ಕಾಣುತ್ತದೋ ಅದೇ ದಾರಿ. ಒಂದು ಹಾಳೆಯಲ್ಲಿ ಗೆರೆ ಎಳೆದು, ಅಳತೆ ಬರೆದು ಮನೆ ಪತ್ರದ ಜೊತೆ ಇಟ್ಟುಬಿಡಿ.

ಮುಚ್ಚಳ ತೆಗೆಯುವ ಮುಂಚೆ

ಈ ಭಾಗವನ್ನು ಸುಮ್ನೆ ಕಣ್ಣಾಡಿಸಿ ಬಿಡಬೇಡಿ. ಮುಚ್ಚಿದ ಚೇಂಬರ್‌ನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಕೂಡಿಕೊಂಡಿರುತ್ತವೆ, ಆಮ್ಲಜನಕ ಕಡಿಮೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನದು. ವಾಸನೆ ಬರುತ್ತಿಲ್ಲ, ಆದ್ದರಿಂದ ಗ್ಯಾಸ್ ಇಲ್ಲ ಅನ್ನುವುದು ಪ್ರಾಣ ತೆಗೆಯುವ ಲೆಕ್ಕ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ತಲುಪಿದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತಂತೆ ಅನಿಸುತ್ತದೆ. ಇದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಹೂಳನ್ನು ಕಲಕಿದಾಗ ಇನ್ನೂ ಜಾಸ್ತಿ ಏಳುತ್ತದೆ.

ಹಾಗಾಗಿ ನಿಯಮ ಒಂದೇ: ನೆಲದ ಮೇಲೆ ನಿಂತು ಉಪಕರಣದಿಂದ ಎಟುಕುವಷ್ಟು ಮಾತ್ರ ನಮ್ಮ ಕೆಲಸ. ತಲೆ ಒಳಗೆ ಬಗ್ಗಿಸಬೇಕು, ಕಾಲು ಇಳಿಬಿಡಬೇಕು ಅನ್ನುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ, ಮಷೀನ್ ಕರೆಸಿ. ಯಾರಿಗೋ ಐನೂರು ಸಾವಿರ ಕೊಟ್ಟು ಇಳಿಸಿದರಾಯಿತು ಅನ್ನುವವರು ಈಗಲೂ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದು ಅಪರಾಧ, ಹಚ್ಚಿದ ಮನೆಯವರೂ ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿದೆ. ಕಾನೂನು ಪಕ್ಕಕ್ಕಿಡಿ, ಒಬ್ಬರು ಕುಸಿದಾಗ ಎತ್ತಲು ಹೋದ ಇನ್ನೊಬ್ಬರೂ ಅಲ್ಲೇ ಹೋಗುವುದನ್ನು ಪೇಪರಿನಲ್ಲಿ ಓದುತ್ತಲೇ ಇದ್ದೇವಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಗಮ್ ಬೂಟ್, ಕಣ್ಣಿಗೆ ಕನ್ನಡಕ, ಬಾಯಿಗೆ ಮಾಸ್ಕ್. ಮಾಸ್ಕ್ ಚಿಮ್ಮುವುದನ್ನು ತಡೆಯಲು ಮಾತ್ರ, ಗ್ಯಾಸನ್ನು ತಡೆಯಲ್ಲ. ಕೈಕಾಲಲ್ಲಿ ಗಾಯವಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ, ಚೇಂಬರ್‌ನಲ್ಲಿ ಇಲಿಗಳು ಓಡಾಡುತ್ತವೆ, ಇಲಿ ಜ್ವರ ಹತ್ತುವುದು ಅವುಗಳ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ. ಜೊತೆಗೆ ಇನ್ನೊಬ್ಬರು ಇರಲಿ. ಬೀಡಿ, ಸಿಗರೇಟ್, ಬೆಂಕಿಕಡ್ಡಿ ಹತ್ತಿರ ಬೇಡ. ಮಕ್ಕಳನ್ನು, ನಾಯಿಯನ್ನು ಒಳಗೆ ಕೂಡಿಹಾಕಿ.

ಹಾರೆಯನ್ನು ಮುಚ್ಚಳದ ಸಂದಿಗೆ ಕೊಟ್ಟು ಒಂದು ಬದಿ ಎತ್ತಿ, ಕಟ್ಟಿಗೆ ತುಂಡು ಸಿಕ್ಕಿಸಿ, ಆಮೇಲೆ ಪೂರ್ತಿ ಪಕ್ಕಕ್ಕೆ ಜರುಗಿಸಿ. ಬೆರಳು ತೂರಿಸಿ ಎತ್ತಬೇಡಿ. ತೆಗೆದ ಮೇಲೆ ಅರ್ಧ ಗಂಟೆ ದೂರ ನಿಲ್ಲಿ. ಜಿರಳೆಗಳೆಲ್ಲ ಹೊರಟು ಹೋಗುತ್ತವೆ, ಗಾಳಿಯೂ ಆಡುತ್ತದೆ.

ತುಂಬಿದ್ದು ಯಾವುದು, ಒಣಗಿದ್ದು ಯಾವುದು

ಎಲ್ಲ ಚೇಂಬರ್ ತೆರೆದು ಮನೆಯ ಕಡೆಯಿಂದ ರಸ್ತೆ ಕಡೆಗೆ ಒಂದೊಂದಾಗಿ ನೋಡುತ್ತಾ ಬನ್ನಿ. ತುಂಬಿ ನಿಂತಿರುವ ಕೊನೆಯ ಚೇಂಬರ್ ಮತ್ತು ಅದರ ಮುಂದಿನ ಖಾಲಿ ಚೇಂಬರ್, ಇವೆರಡರ ನಡುವೆ ಬ್ಲಾಕ್ ಇದೆ. ಮೊದಲನೆಯದೇ ಖಾಲಿ ಇದೆ, ಆದರೂ ಕಕ್ಕಸು ಇಳಿಯುತ್ತಿಲ್ಲ ಅಂದರೆ ಬ್ಲಾಕ್ ಕಮೋಡಿನಲ್ಲಿ ಅಥವಾ ಅಲ್ಲಿಂದ ಚೇಂಬರ್‌ವರೆಗಿನ ತುಂಡಿನಲ್ಲಿ. ಕಾಂಪೌಂಡಿನ ಹತ್ತಿರದ ಕೊನೆಯ ಚೇಂಬರೂ ತುಂಬಿದೆ ಅಂದರೆ ತೊಂದರೆ ಹೊರಗೆ, ಕನೆಕ್ಷನ್ ಪೈಪಿನಲ್ಲೋ ರಸ್ತೆಯ ಮ್ಯಾನ್‌ಹೋಲ್‌ನಲ್ಲೋ ಇರಬಹುದು. ಪಕ್ಕದ ಮನೆಯವರಿಗೂ ಹಾಗೇ ಆಗಿದೆಯಾ ಕೇಳಿ. ಹೌದು ಅಂದರೆ ನೀವು ಮುಟ್ಟುವುದೇ ಬೇಡ. ಬೆಂಗಳೂರಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ, ಜೋರಾಗಿ ನೀರು ಹೊಡೆದು ಲೈನ್ ಬಿಡಿಸುವ ಜೆಟ್ಟಿಂಗ್ ಗಾಡಿ ಕಳಿಸಲು ಹೇಳಿ. ಬೇರೆ ಊರಾದರೆ ಪಾಲಿಕೆ ಅಥವಾ ನಗರಸಭೆಯ ಯುಜಿಡಿ ವಿಭಾಗ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳವನ್ನು ನೀವಾಗಿಯೇ ತೆಗೆಯಬೇಡಿ.

ಕೆಲವು ಹಳೆ ಮನೆಗಳ ಕೊನೆಯ ಚೇಂಬರ್‌ನಲ್ಲಿ ಇಂಟರ್‌ಸೆಪ್ಟಿಂಗ್ ಟ್ರ್ಯಾಪ್ ಇರುತ್ತದೆ. ರಸ್ತೆಯ ಮೋರಿಯ ಗ್ಯಾಸ್ ಮನೆಗೆ ಬಾರದಿರಲಿ ಅಂತ ಬ್ರಿಟಿಷರ ಕಾಲದ ಪದ್ಧತಿಯಲ್ಲಿ ಹಾಕಿದ್ದು. ನೀರು ಯು ಆಕಾರದಲ್ಲಿ ಇಳಿದು ಹತ್ತಬೇಕು, ಹಾಗಾಗಿ ಕಸ ಮೊದಲು ನಿಲ್ಲುವುದೇ ಅಲ್ಲಿ. ಅದರ ಮೇಲ್ಭಾಗದಲ್ಲಿ ದಬ್ಬೆ ಹಾಕಲೆಂದು ಇನ್ನೊಂದು ಬಾಯಿ, ಅದಕ್ಕೊಂದು ಬಿರಡೆ. ಆ ಬಿರಡೆಯೇ ಕಳಚಿ ಟ್ರ್ಯಾಪಿನೊಳಗೆ ಬಿದ್ದು ಬ್ಲಾಕ್ ಆಗಿರುವುದೂ ಉಂಟು. ಎಲ್ಲ ಮಾಡಿದರೂ ತೂತು ಸಿಗುತ್ತಿಲ್ಲ ಅಂದರೆ ಮೊದಲು ಇದನ್ನೇ ಅನುಮಾನಿಸಿ.

ದಬ್ಬೆ ಹಾಕುವುದು

ನಮ್ಮಲ್ಲಿ ಹಿಂದಿನಿಂದ ಬಳಸುವುದು ಬಿದಿರಿನ ದಬ್ಬೆ. ಸೀಳಿದ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ, ಬೇಕಾದಷ್ಟು ಉದ್ದ ಕಟ್ಟಿಕೊಳ್ಳಬಹುದು. ಆದರೆ ಹಳೆ ಪೈಪಿನ ಜಾಯಿಂಟಿಗೆ ತುದಿ ಸಿಕ್ಕಿಕೊಂಡರೆ ಸೀಳಿ ಅಲ್ಲೇ ಉಳಿಯುತ್ತದೆ, ಆಗ ಒಂದು ಬ್ಲಾಕ್ ಎರಡಾಗುತ್ತದೆ. ತುದಿಗೆ ಬಟ್ಟೆ ಸುತ್ತಿ ಗುಂಡು ಮಾಡಿಕೊಂಡರೆ ಒಳ್ಳೆಯದು, ಆದರೆ ಆ ಬಟ್ಟೆಯನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ. ಈಗ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಪ್ರಿಂಗ್ ವೈರ್ ಸಿಗುತ್ತದೆ, ಒಂದಕ್ಕೊಂದು ತಿರುಪಿ ಸೇರಿಸುವ ರಾಡ್‌ಗಳೂ ಸಿಗುತ್ತವೆ. ರಾಡ್ ಬಳಸುವವರು ನೆನಪಿಡಬೇಕಾದದ್ದು ಇಷ್ಟೇ: ತಳ್ಳುವಾಗಲೂ ಎಳೆಯುವಾಗಲೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ತಿರುಪು ಬಿಚ್ಚಿಕೊಂಡು ಅರ್ಧ ರಾಡ್ ಪೈಪಿನಲ್ಲೇ ಉಳಿಯುತ್ತದೆ.

ನಾನು ಖಾಲಿ ಚೇಂಬರ್ ಕಡೆಯಿಂದ ಶುರು ಮಾಡಿ ಅನ್ನುತ್ತೇನೆ. ತುಂಬಿದ ಚೇಂಬರ್‌ನಲ್ಲಿ ಪೈಪಿನ ಬಾಯಿ ಕಾಣುವುದೇ ಇಲ್ಲ, ತಡಕಾಡಬೇಕು. ಖಾಲಿ ಇರುವ ಕಡೆ ಬಾಯಿ ಕಣ್ಣೆದುರಿಗೇ ಇರುತ್ತದೆ. ಆದರೆ ಬ್ಲಾಕ್ ಬಿಟ್ಟಾಗ ಎಲ್ಲ ನುಗ್ಗಿ ಬರುವುದೂ ನಿಮ್ಮ ಕಡೆಗೇ. ಅದಕ್ಕೇ ಪೈಪಿನ ಬಾಯಿಗೆ ಎದುರಾಗಿ ನಿಲ್ಲಬೇಡಿ, ಪಕ್ಕಕ್ಕೆ ನಿಂತು ರಾಡ್ ಕೊಡಿ. ಇನ್ನೊಂದು ಕೆಲಸ ಮೊದಲೇ ಮಾಡಿಟ್ಟುಕೊಳ್ಳಿ: ಈ ಚೇಂಬರ್‌ನಿಂದ ಮುಂದೆ ಹೋಗುವ ಪೈಪಿನ ಬಾಯಿಗೆ ಕೋಳಿ ಜಾಲರಿಯ ತುಂಡನ್ನು ಮಡಚಿ ಅಡ್ಡ ಇಡಿ. ಇಲ್ಲದಿದ್ದರೆ ಇಲ್ಲಿ ಬಿಟ್ಟ ಗಂಟು ಮುಂದಿನ ಚೇಂಬರ್ ದಾಟಿ ರಸ್ತೆಯ ಹತ್ತಿರ ಹೋಗಿ ಕೂರುತ್ತದೆ.

ರಾಡ್ ಒಳಗೆ ಹೋಗುತ್ತಾ ಒಂದು ಕಡೆ ತಡೆಯುತ್ತದೆ. ಅಲ್ಲಿ ಜೋರಾಗಿ ಗುದ್ದಬೇಡಿ. ಒಂದಡಿ ಹಿಂದೆ, ಒಂದಡಿ ಮುಂದೆ, ತಿರುಗಿಸುತ್ತಾ ಆಡಿಸಿ. ತಡೆ ಯಾವ ಥರದ್ದು ಅಂತ ಕೈಗೆ ಗೊತ್ತಾಗುತ್ತದೆ. ಮೆತ್ತಗೆ ಹೋಗಿ ಅಂಟಿಕೊಂಡಂತೆ ಬಂದರೆ ಜಿಡ್ಡು, ಬಟ್ಟೆ. ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಿದರೆ ಬೇರು. ಟಕ್ ಅಂತ ಕಲ್ಲಿಗೆ ಬಡಿದಂತಾದರೆ ಪೈಪ್ ಮುರಿದು ಕುಸಿದಿರಬಹುದು, ಇಲ್ಲವೇ ಅದು ಬೆಂಡ್ ಇರಬಹುದು. ಪ್ರತಿ ಸಲ ರಾಡ್ ಎಳೆದಾಗ ತುದಿಗೆ ಏನು ಹತ್ತಿದೆ ನೋಡಿ. ಬೂದುಬಣ್ಣದ ಮೇಣದಂಥ ಜಿಡ್ಡು ಅಡುಗೆಮನೆಯದು. ಕೂದಲಿನಂತೆ ಕಂಡರೂ ಎಳೆದಾಗ ಪಟ್ಟನೆ ಮುರಿಯುವ ಕಂದು ಎಳೆ ಬೇರು. ಕೆಂಪು ಮಣ್ಣು, ಪೈಪಿನ ಚೂರು ಬಂದರೆ ಕೆಲಸ ನಿಲ್ಲಿಸಿ, ಆ ಲೈನ್ ಅಗೆಯಲೇಬೇಕು.

ತೂತು ಬಿದ್ದ ಕೂಡಲೇ ಹಿಂದಿನ ಚೇಂಬರ್ ಸರ್ರನೆ ಇಳಿಯುತ್ತದೆ. ಅಲ್ಲಿಗೆ ಮುಗಿಯಿತು ಅಂತ ಮುಚ್ಚಳ ಹಾಕಬೇಡಿ. ರಾಡನ್ನು ಪೂರ್ತಿ ಉದ್ದ ಇನ್ನೂ ನಾಲ್ಕೈದು ಸಲ ಆಡಿಸಿ, ಮೇಲಿನಿಂದ ಬಕೆಟ್ ಬಕೆಟ್ ನೀರು ಒಂದೇ ಸಲಕ್ಕೆ ಸುರಿಸಿ. ಪೈಪಿನಿಂದ ನೀರು ಒಂದೇ ಸಮನೆ, ಕೊಚ್ಚೆ ಇಲ್ಲದೆ ಬರಬೇಕು. ಜಾಲರಿಯಲ್ಲಿ ನಿಂತ ಕಸವನ್ನು ಉದ್ದ ಹಿಡಿಯ ಸಲಕೆಯಿಂದ ತೆಗೆದು, ದಪ್ಪ ಚೀಲಕ್ಕೆ ತುಂಬಿ ಕಟ್ಟಿ, ಆಮೇಲೆ ಜಾಲರಿ ತೆಗೆಯಿರಿ.

ಯಾವಾಗ ಕೈಬಿಡಬೇಕು? ರಾಡ್ ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ, ಬಿಡಿಸಿದ ಲೈನ್ ತಿಂಗಳೊಳಗೆ ಮತ್ತೆ ಕಟ್ಟಿದರೆ, ಅಂಗಳದ ಒಂದು ಕಡೆ ನೆಲ ಕುಸಿದು ತೇವವಾಗಿದ್ದರೆ ಒಳಗೆ ಪೈಪ್ ಹೋಗಿದೆ ಅಂತ ಅರ್ಥ. ರಾಡ್ ನಿಂತಾಗ ಚೇಂಬರ್ ಅಂಚಿಗೆ ಸರಿಯಾಗಿ ಟೇಪ್ ಸುತ್ತಿ, ಹೊರಗೆಳೆದು ನೆಲದ ಮೇಲೆ ಇಟ್ಟು ಅಳೆಯಿರಿ. ಎಲ್ಲಿ ಅಗೆಯಬೇಕು ಅಂತ ಅಡಿ ಲೆಕ್ಕದಲ್ಲಿ ಸಿಗುತ್ತದೆ, ಇಡೀ ಅಂಗಳ ಕಿತ್ತುಹಾಕುವುದು ತಪ್ಪುತ್ತದೆ. ಕ್ಯಾಮೆರಾ ಬಿಟ್ಟು ನೋಡುವವರೂ ಈಗ ಸಿಗುತ್ತಾರೆ, ಅಗೆಯುವ ಮುಂಚೆ ಆ ಖರ್ಚು ದಂಡವಲ್ಲ. ಜೆಟ್ಟಿಂಗ್ ಮಾಡಿಸುವುದಾದರೆ ಪೈಪ್ ಹಳೆಯದು ಅಂತ ಮೊದಲೇ ಹೇಳಿ ಪ್ರೆಷರ್ ಕಡಿಮೆ ಇಡಿಸಿ.

ತೊಳೆಯುವುದು

ರಾಡ್, ಬೂಟ್, ಸುತ್ತಲಿನ ನೆಲ ಎಲ್ಲ ನೀರು ಸೋಪಿನಿಂದ ತೊಳೆದು ಆಮೇಲೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ. ಇಲ್ಲೊಂದು ಎಚ್ಚರ: ಆ ಲೈನಿಗೆ ಯಾರಾದರೂ ಆಸಿಡ್ ಅಥವಾ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುರಿದಿದ್ದರೆ ಬ್ಲೀಚಿಂಗ್ ಬೇಡವೇ ಬೇಡ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ. ಡ್ರೈನ್ ಕ್ಲೀನರ್ ಪುಡಿಗಳಲ್ಲಿರುವ ಕಾಸ್ಟಿಕ್ ಸೋಡಾ ಕೂಡ ನೀರು ಬಿದ್ದೊಡನೆ ಕಾದು ಚಿಮ್ಮುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆಯೇ ಮನೆಯವರನ್ನೆಲ್ಲ ಕೇಳಿ, ಏನಾದರೂ ಸುರಿದಿದ್ದೀರಾ ಅಂತ. ಮನೆಕೆಲಸದವರನ್ನೂ ಕೇಳಿ, ಬೈಯುವ ದನಿಯಲ್ಲಿ ಕೇಳಿದರೆ ಯಾರೂ ನಿಜ ಹೇಳಲ್ಲ.

ಪ್ಲಂಬರ್ ಬಂದರೂ ಇದೇ ಮಾತು. ಏನು ಸುರಿದಿದ್ದೀರಿ ಅಂತ ಅವರಿಗೆ ಮೊದಲೇ ಹೇಳಿ, ಗ್ಲೌಸ್ ಕೊಡಿ, ಕೆಲಸ ಮುಗಿದ ಮೇಲೆ ಸೋಪು ನೀರು ಕೊಡಿ.

ಪೈಪ್ ಬದಲಿಸಬೇಕಾಗಿ ಬಂದರೆ

ಮುರಿದ ತುಂಡಿಗೆ ಮಾತ್ರ ತೇಪೆ ಹಾಕುವುದಕ್ಕಿಂತ ಒಂದು ಚೇಂಬರ್‌ನಿಂದ ಇನ್ನೊಂದರವರೆಗೆ ಪೂರ್ತಿ ಪಿವಿಸಿ ಹಾಕಿಸುವುದು ಮೇಲು. ಹತ್ತಡಿ, ಇಪ್ಪತ್ತಡಿ ಉದ್ದ ಬರುವುದರಿಂದ ಜಾಯಿಂಟೇ ಕಡಿಮೆ, ಬೇರಿಗೆ ದಾರಿ ಇಲ್ಲ. ಗೋಡೆಗೆ ಹಾಕುವ ತೆಳು ಪೈಪ್ ಬೇಡ, ನೆಲದಡಿ ಹಾಕುವ ದಪ್ಪ ಪೈಪೇ ಆಗಬೇಕು. ಇಳಿಜಾರನ್ನು ನೀವೇ ಅಳೆದು ನೋಡಿ. ನಾಲ್ಕಿಂಚಿನ ಪೈಪಿಗೆ ನಲವತ್ತಕ್ಕೆ ಒಂದು, ಆರಿಂಚಿಗೆ ಅರವತ್ತಕ್ಕೆ ಒಂದು. ಅಂದರೆ ನಾಲ್ಕಿಂಚಿನ ಲೈನ್ ಹತ್ತಡಿಗೆ ಮೂರಿಂಚು ಇಳಿಯಬೇಕು. ಜಾಸ್ತಿ ಇಳಿಜಾರು ಕೊಟ್ಟರೆ ಇನ್ನೂ ಒಳ್ಳೆಯದಲ್ವಾ ಅಂತ ಮೇಸ್ತ್ರಿಗಳು ವಾದಿಸುತ್ತಾರೆ. ತೀರಾ ಇಳಿಜಾರಾದರೆ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಪೈಪಿನ ಕೆಳಗೆ ಕಲ್ಲಿಲ್ಲದ ಮರಳು ಹಾಸಬೇಕು. ಮಣ್ಣು ಮುಚ್ಚುವ ಮುಂಚೆ ನೀರು ಬಿಟ್ಟು ನೋಡಬೇಕು, ಫೋಟೋ ತೆಗೆದುಕೊಳ್ಳಬೇಕು. ಟೈಲ್ಸ್ ಹಾಕುವವರು ಚೇಂಬರ್ ಮುಚ್ಚಳದ ಮೇಲೆ ಹಾಕದಂತೆ ನಿಂತು ನೋಡಿಕೊಳ್ಳಿ.

ಮಳೆಗಾಲದ ಮಾತು

ಬೇಸಿಗೆಯಲ್ಲಿ ಚೆನ್ನಾಗಿದ್ದ ಲೈನ್ ಮಳೆ ಬಂದಾಗ ಮಾತ್ರ ಉಕ್ಕುತ್ತದೆ ಅಂದರೆ ಅದು ನಿಮ್ಮ ಬ್ಲಾಕ್ ಅಲ್ಲ. ತಾರಸಿಯ ಮಳೆನೀರನ್ನು ಸುತ್ತಲಿನ ಮನೆಯವರು ಯುಜಿಡಿಗೆ ಬಿಟ್ಟಿರುತ್ತಾರೆ, ಹಾಗೆ ಬಿಡುವಂತಿಲ್ಲ, ಆದರೂ ಬಿಡುತ್ತಾರೆ. ಆರಿಂಚಿನ ಪೈಪ್ ಅಷ್ಟು ನೀರು ಎಲ್ಲಿಂದ ಹೊರಬೇಕು? ರಸ್ತೆಯ ಲೈನ್ ತುಂಬಿ, ತಗ್ಗಿನಲ್ಲಿರುವ ಮನೆಗಳಿಗೆ ವಾಪಸ್ ಬರುತ್ತದೆ. ಮೊದಲು ನಿಮ್ಮ ತಾರಸಿಯ ಪೈಪ್ ಚೇಂಬರಿಗೆ ಸೇರಿದೆಯಾ ನೋಡಿ, ಸೇರಿದ್ದರೆ ಬಿಡಿಸಿ ಇಂಗುಗುಂಡಿಗೋ ಸಂಪಿಗೋ ಕೊಡಿ.

ರಸ್ತೆಗಿಂತ ಮನೆ ತಗ್ಗಿನಲ್ಲಿದ್ದರೆ ಕೊನೆಯ ಚೇಂಬರ್‌ನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಹೊರಗಿನ ನೀರು ಒಳಗೆ ಬರುವುದನ್ನು ಅದರ ಬಾಗಿಲು ತಡೆಯುತ್ತದೆ. ಆದರೆ ಬಾಗಿಲು ಮುಚ್ಚಿರುವಷ್ಟು ಹೊತ್ತು ನಿಮ್ಮ ಮನೆಯ ನೀರೂ ಆಚೆ ಹೋಗುವುದಿಲ್ಲ, ಜೋರು ಮಳೆ ಸುರಿಯುವಾಗ ವಾಷಿಂಗ್ ಮಷೀನ್ ಹಾಕಬೇಡಿ. ಕೂದಲೋ ನಾರೋ ಸಿಕ್ಕಿಕೊಂಡರೆ ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಮೇ ತಿಂಗಳಲ್ಲಿ ಒಮ್ಮೆ ಮುಚ್ಚಳ ತೆಗೆಸಿ, ಗಾಳಿಯಾಡಲು ಬಿಟ್ಟು, ಉದ್ದ ಕೋಲಿನಿಂದ ಬಾಗಿಲು ಎತ್ತಿ ಇಳಿಸಿ ನೋಡಿ.